ಕವುಚಿಟ್ಟ ಬೋಗುಣಿ

ಕನ್ನಡಿಯ ಮುಂದೆ ನಿಂತು, ತಲೆ ಎಷ್ಟು ತಗ್ಗಿಸಿದರೆ ಸಾತ್ವಿಕವಾಗಿ ಕಾಣುತ್ತದೆ, ಎಷ್ಟು ತಗ್ಗಿಸಿದರೆ ಕುತ್ತಿಗೆ ಉಳುಕಿದವಳ ಹಾಗೆ ಕಾಣುತ್ತದೆ ಎಂದು ಅವಳು ಅಳೆದು ನೋಡುತ್ತಿದ್ದಾಗಲೇ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. ಕೇಳಲಿಲ್ಲ, ನಗಲಿಲ್ಲ, ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಇವತ್ತಾದರೂ ಪೂರ್ತಿ ತಿಂದುಕೊಂಡು ಬಾ ಎಂದಷ್ಟೇ ಹೇಳಿ ಹೋದರು. ಅವಳ ಮುಖ ಬಿಸಿಯಾಯಿತು. ನಲವತ್ತೆಂಟರ ವಯಸ್ಸಿನಲ್ಲಿ ಕನ್ನಡಿಯ ಮುಂದೆ ಸಿಕ್ಕಿಬೀಳುವುದೆಂದರೇನು, ಅದೂ ಅಲಂಕಾರ ಮಾಡಿಕೊಳ್ಳುವಾಗಲ್ಲ, ವಿನಯ ಮಾಡಿಕೊಳ್ಳುವಾಗ. ಬುಧವಾರ ಚರ್ಚಿನ ಸಭಾಪಾಲಕರು ಫೋನ್ ಮಾಡಿ, ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರ ಕೂಟದಲ್ಲಿ ಸಾತ್ವಿಕತೆಯ ಬಗ್ಗೆ ನೀವು ಹತ್ತು ನಿಮಿಷ ಮಾತಾಡಬೇಕು, ನಿಮಗಿಂತ ಒಳ್ಳೆಯ ಉದಾಹರಣೆ ನಮ್ಮ ಸಭೆಯಲ್ಲಿ ಯಾರಿದ್ದಾರೆ ಎಂದಿದ್ದರು. ಅವಳು ಎಂದಿನ ಹಾಗೆ ಆಗ್ಲಿ ಬಿಡಿ ಎಂದಿದ್ದಳು. ಫೋನ್ ಇಟ್ಟ ಮೇಲೆ ಎದೆಯೊಳಗೆ ಏನೋ ಉಬ್ಬಿತು. ಉಬ್ಬಿದ್ದು ಹೆಮ್ಮೆಯೆಂದು ಗೊತ್ತಾಗಿ ಕುಗ್ಗಿದಳು. ಎಷ್ಟು ಬೇಗ ಕುಗ್ಗಿದೆನಲ್ಲ ಎಂದು ಮತ್ತೆ ಉಬ್ಬಿದಳು. ಮೂರು ದಿನದಿಂದ ಇದೇ ಆಟ. ನೋಟ್‌ಬುಕ್ಕಿನಲ್ಲಿ ‘ಸಾತ್ವಿಕತೆ ಎಂದರೆ’ ಎಂದು ಬರೆದು ಅಡಿಗೆರೆ ಎಳೆದಿದ್ದಳು. ಗೆರೆಯ ಕೆಳಗೆ ಇನ್ನೂ ಏನೂ ಬಂದಿರಲಿಲ್ಲ, ನಾಳೆಯೇ ಭಾನುವಾರ.

ಅವಳು ಕೆಲಸ ಮಾಡುವುದು ಒಂದು ಸಣ್ಣ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ. ಕತ್ತರಿ, ಚಿಮಟ, ಬೋಗುಣಿ ಎಲ್ಲವನ್ನೂ ತೊಳೆದು, ಒರೆಸಿ, ಲೆಕ್ಕ ನೋಡಿ ಟ್ರೇಯಲ್ಲಿ ಜೋಡಿಸಿ, ಎರಡು ಸುತ್ತು ಹಸಿರು ಬಟ್ಟೆಯಲ್ಲಿ ಕಟ್ಟಿ, ಆಟೋಕ್ಲೇವ್ ಯಂತ್ರದ ಹೊಟ್ಟೆಗೆ ಹಾಕಿ ಕ್ರಿಮಿ ಸಾಯುವಂತೆ ಹಬೆಯಲ್ಲಿ ಬೇಯಿಸಿ ಕೊಡುವುದು ಅವಳ ಕೆಲಸ. ಹದಿನಾರು ವರ್ಷವಾಯಿತು. ಕೋಣೆ ಯಾವಾಗಲೂ ಬೆಚ್ಚಗಿರುತ್ತದೆ, ಇಸ್ತ್ರಿ ಹಾಕಿದ ಬಟ್ಟೆಯ ವಾಸನೆ ಇರುತ್ತದೆ, ಯಾರೂ ಹೆಚ್ಚು ಬರುವುದಿಲ್ಲ. ಅವಳಿಗೆ ಅದು ಇಷ್ಟ. ಥಿಯೇಟರಿನ ಕಡೆಗೆ ಒಂದು ಸಣ್ಣ ಕಿಟಕಿ. ಅದರಾಚೆಯಿಂದ ಕೈಗಳು ಬರುತ್ತವೆ, ಟ್ರೇ ತೆಗೆದುಕೊಂಡು ಹೋಗುತ್ತವೆ, ಕೈಗಳ ಹಿಂದಿನಿಂದ ಬೈಗುಳವೂ ಬರುತ್ತದೆ. ತಡವಾಯಿತೆಂದು, ಬೇಗ ಕೊಟ್ಟೆಯೆಂದು, ಟ್ರೇ ಬಿಸಿಯಿದೆಯೆಂದು, ಕಳೆದ ವಾರ ಬೇರೆ ಯಾರೋ ಕಳೆದ ಕತ್ತರಿಗೆಂದು. ಎಲ್ಲಕ್ಕೂ ಅವಳದು ಒಂದೇ ಉತ್ತರ, ಆಗ್ಲಿ ಬಿಡಿ. ಹೀಗಾಗಿ ಆಸ್ಪತ್ರೆಯಲ್ಲಿ ಅವಳ ಹೆಸರೇ ಆಗ್ಲಿಬಿಡಕ್ಕ ಎಂದಾಗಿಹೋಗಿತ್ತು. ರಜೆ ಪಟ್ಟಿಯಲ್ಲೂ ಒಮ್ಮೆ ಯಾರೋ ಹಾಗೇ ಬರೆದಿದ್ದರು. ತಿದ್ದಿಸಲು ಹೋಗದೆ ಅವಳು ಅದಕ್ಕೇ ಸಹಿ ಹಾಕಿ ಬಂದಿದ್ದಳು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಕಣೇ ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ. ಮಗ ಸತ್ತು ಆರು ವರ್ಷವಾದರೂ ಸೊಸೆಯನ್ನು ಬಿಟ್ಟು ಹೋಗದ ಅತ್ತೆ ಅವರು, ಬೈಯುವುದನ್ನೂ ಬಿಟ್ಟಿಲ್ಲ. ಡಬ್ಬಿ ಅರ್ಧ ಹಾಗೇ ವಾಪಸು ಬಂದ ದಿನ ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಬೆಳಗ್ಗೆಯಿಂದ ಮಾತು ನುಂಗಿ ನುಂಗಿ ಹೊಟ್ಟೆ ತುಂಬಿರುತ್ತೆ, ಊಟಕ್ಕೆ ಜಾಗ ಎಲ್ಲಿ ಎನ್ನುತ್ತಾರೆ. ಅದು ನಿಜವೇ ಆಗಿತ್ತು. ನುಂಗಿದ ಮಾತು ಅವಳ ಎದೆಯ ಕೆಳಗೆ ಒಣ ಬ್ರೆಡ್ಡಿನ ಹಾಗೆ ಕೂತಿರುತ್ತಿತ್ತು. ಅದನ್ನೇ ಪಾಲಕರು ಸಾತ್ವಿಕತೆ ಎಂದು ಕರೆಯುತ್ತಿದ್ದಾರೆಯೇ ಎಂಬುದು ಅವಳ ಅನುಮಾನ.

ಬೆಳಿಗ್ಗೆ ಹತ್ತಕ್ಕೆ ಸೊಂಟದ ಮೂಳೆಯ ಆಪರೇಷನ್ ಇತ್ತು. ಆ ದೊಡ್ಡ ಟ್ರೇ ಆಸ್ಪತ್ರೆಯಲ್ಲಿ ಇರುವುದು ಒಂದೇ. ಅವಳು ಏಳಕ್ಕೇ ಬಂದು ಜೋಡಿಸತೊಡಗಿದಳು. ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಮನಸ್ಸು ನೋಟ್‌ಬುಕ್ಕಿನ ಅಡಿಗೆರೆಯ ಕೆಳಗೆ ಓಡಾಡುತ್ತಿತ್ತು. ತಾನು ಸಾತ್ವಿಕನೆಂದು ಸುವಾರ್ತೆಯಲ್ಲಿ ಕರ್ತನೇ ಹೇಳಿಕೊಂಡನಲ್ಲ, ಸಾತ್ವಿಕನಾದವನು ಹಾಗೆ ಹೇಳಿಕೊಳ್ಳುತ್ತಾನೆಯೇ? ನಾನು ಹೇಳಿಕೊಂಡರೆ ಅತ್ತೆ ನಗುತ್ತಾರೆ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೊಡು ಅಂದವನು, ವಿಚಾರಣೆಯ ದಿನ ಸೇವಕನೊಬ್ಬ ಕಪಾಳಕ್ಕೆ ಹೊಡೆದಾಗ ಇನ್ನೊಂದು ಕೆನ್ನೆ ಕೊಡಲಿಲ್ಲ. ನಾನು ಆಡಿದ್ದು ತಪ್ಪಿದ್ದರೆ ತೋರಿಸು, ತಪ್ಪಿಲ್ಲದಿದ್ದರೆ ಯಾಕೆ ಹೊಡೆದೆ ಎಂದು ಕೇಳಿದ. ಕೈ ಎತ್ತಲಿಲ್ಲ, ಕೇಳಿದ. ಅತ್ತೆ ಸಂಜೆ ಬೈಬಲ್ ಗಟ್ಟಿಯಾಗಿ ಓದುವಾಗ ಈ ಜಾಗ ಬಂದರೆ ಸಾಕು, ಅವಳಿಗೆ ಎಲ್ಲೋ ಮುಳ್ಳು ಚುಚ್ಚಿದಂತಾಗುತ್ತದೆ, ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ಇದನ್ನು ನಾಳೆ ಹೇಳುವುದು ಬೇಡ, ಹೆಂಗಸರು ತಿರುಗಿ ಪ್ರಶ್ನೆ ಕೇಳುತ್ತಾರೆ. ಬೇರೆ ಏನಾದರೂ ಸರಳವಾದದ್ದು, ತನ್ನ ಕೆಲಸದ್ದೇ ಆದದ್ದು ಬೇಕು. ಆಗ ಹೊಳೆಯಿತು. ಬೋಗುಣಿ! ಗಾಯ ತೊಳೆಯುವ ನೀರಿಗೆಂದು ಟ್ರೇಯಲ್ಲಿ ಇಡುವ ಸ್ಟೀಲಿನ ಬೋಗುಣಿಯನ್ನು ಯಾವಾಗಲೂ ಕವುಚಿಯೇ ಇಡಬೇಕು. ಬಾಯಿ ಮೇಲೆ ಮಾಡಿ ಇಟ್ಟರೆ ಹಳೆಯ ಗಾಳಿ ಅದರೊಳಗೆ ಜಪ್ಪಯ್ಯ ಎಂದರೂ ಏಳದೆ ಕೂತುಬಿಡುತ್ತದೆ, ಹಬೆಗೆ ಜಾಗ ಕೊಡುವುದಿಲ್ಲ. ಕವುಚಿಟ್ಟರೆ ಗಾಳಿ ಇಳಿದುಹೋಗಿ ಹಬೆ ತುಂಬುತ್ತದೆ. ಮನುಷ್ಯನೂ ಹಾಗೇ, ಸಹೋದರಿಯರೇ. ಆಹಾ, ಎಷ್ಟು ಚೆನ್ನಾಗಿದೆ! ಹೆಂಗಸರು ತಲೆಯಾಡಿಸುವುದು ಕಾಣಿಸಿತು, ಪಾಲಕರ ಹೆಂಡತಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಕಾಣಿಸಿತು, ಕೊನೆಯ ಸಾಲಿನವರು ಯಾರಿವರು ಎಂದು ಪಕ್ಕದವರನ್ನು ಕೇಳುವುದೂ ಕಾಣಿಸಿತು. ಅಷ್ಟರಲ್ಲಿ ಕೈ ಬಟ್ಟೆ ಮಡಚಿ, ಟೇಪು ಅಂಟಿಸಿ, ಟ್ರೇಯನ್ನು ಒಳಗೆ ನೂಕಿ ಬಾಗಿಲು ತಿರುಪಿತ್ತು.

ಒಂದೂಕಾಲು ಗಂಟೆ ಹಬೆ ಬುಸುಗುಟ್ಟಿತು. ಆ ಹೊತ್ತಿನಲ್ಲಿ ಅವಳಿಗೆ ಕೂರುವುದು ಅಭ್ಯಾಸ. ಕೂತಾಗ ದರ್ಜಿ ನೆನಪಾಗುತ್ತಾನೆ, ಅದೂ ಅಭ್ಯಾಸ. ಒಂಬತ್ತು ವರ್ಷದ ಹಿಂದೆ, ಯಂತ್ರದ ಒತ್ತಡ ತೋರಿಸುವ ಮುಳ್ಳು ನಡುವೆ ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಿತ್ತು. ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಆಗಿನ ಥಿಯೇಟರ್ ಸಿಸ್ಟರ್, ಒಂದು ನಿಮಿಷ ಇಳಿದರೆ ಪ್ರಪಂಚ ಮುಳುಗಲ್ಲ, ಕೊಡಿ ಈಚೆಗೆ ಎಂದಿದ್ದಳು. ಇವಳು ಆಗ್ಲಿ ಬಿಡಿ ಎಂದು ಕೊಟ್ಟಿದ್ದಳು. ಆ ಟ್ರೇಯಿಂದ ಆಪರೇಷನ್ ಆದ, ಕಾಲು ಮುರಿದಿದ್ದ ದರ್ಜಿಯ ಗಾಯ ಕೀವಾಯಿತು, ಇಪ್ಪತ್ತೆರಡು ದಿನ ಮಲಗಿದ. ಗಾಯ ಕೀವಾಗಲು ನೂರೆಂಟು ಕಾರಣ ಇರುತ್ತವೆ. ಯಾರೂ ಅವಳನ್ನು ಕೇಳಲಿಲ್ಲ. ಅವಳೇ ಒಂದು ದಿನ ವಾರ್ಡಿಗೆ ಹೋಗಿ ಅವನ ಮಂಚದ ಕಾಲ ಬಳಿ ನಿಂತಿದ್ದಳು. ತನ್ನನ್ನು ನೋಡಲು ಬಂದವಳೆಂದು ಅವನು ಸಂತೋಷಪಟ್ಟು ಕಿತ್ತಳೆಹಣ್ಣು ಕೊಟ್ಟ. ಅದನ್ನು ಕೈಯಲ್ಲಿ ಹಿಡಿದೇ ಮನೆಯವರೆಗೆ ನಡೆದಿದ್ದಳು, ಸುಲಿಯಲಿಲ್ಲ. ಆ ವಾರವೇ ಗಾನವೃಂದದಿಂದ ಅವಳ ಹೆಸರು ಬಿಟ್ಟುಹೋಗಿದ್ದಕ್ಕೆ ತುಟಿ ಪಿಟಕ್ಕೆನ್ನಲಿಲ್ಲವೆಂದು ಪಾಲಕರು ಸಭೆಯ ಮುಂದೆ ಅವಳನ್ನು ಹೊಗಳಿದ್ದರು. ಎರಡೂ ಒಂದೇ ಬಾಯಿ, ಎರಡೂ ಒಂದೇ ಸುಮ್ಮನಿರುವಿಕೆ. ಒಂದಕ್ಕೆ ಹೊಗಳಿಕೆ ಸಿಕ್ಕಿತು, ಇನ್ನೊಂದಕ್ಕೆ ಕಿತ್ತಳೆಹಣ್ಣು. ಯಾವುದು ಯಾವುದಕ್ಕೆ ಸೇರಬೇಕಾದದ್ದೋ ಅವಳಿಗೆ ಇಂದಿಗೂ ತಿಳಿದಿಲ್ಲ.

ಹತ್ತಕ್ಕೆ ಐದು ನಿಮಿಷ ಇದ್ದಾಗ ಈಗಿನ ಥಿಯೇಟರ್ ಸಿಸ್ಟರ್, ವರ್ಷದ ಹಿಂದಷ್ಟೇ ಸೇರಿದ ಚುರುಕು ಹುಡುಗಿ, ಕಿಟಕಿಯಲ್ಲಿ ಕೈ ಚಾಚಿದಳು. ಹಬೆ ತಾಗಿದ್ದಕ್ಕೆ ಗುರುತಾಗಿ ಟೇಪಿನ ಮೇಲೆ ಕಪ್ಪು ಗೆರೆಗಳು ಚೆನ್ನಾಗಿ ಮೂಡಿದ್ದವು. ಟ್ರೇ ಹೋಯಿತು. ಕಿಟಕಿ ಮುಚ್ಚುವಾಗ ಅವಳಿಗೆ ಬೆಳಗ್ಗೆ ಕಂಡ ಒಂದು ಬೆಳಕು ನೆನಪಾಯಿತು. ಬಟ್ಟೆ ಮಡಚುವ ಹೊತ್ತಿಗೆ ಸ್ಟೀಲಿನ ಮೇಲೆ ಫಳ್ಳೆಂದ ಬೆಳಕು, ದುಂಡಗೆ, ತಗ್ಗಿನಲ್ಲಿ. ಬೋಗುಣಿಯ ಬೆನ್ನು ಹಾಗೆ ಹೊಳೆಯುವುದಿಲ್ಲ. ಹಾಗೆ ಹೊಳೆಯುವುದು ಅದರ ಒಳಗು. ಅವಳು ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಬೋಗುಣಿಯ ಮೇಲೆ ಭಾಷಣ ಕಟ್ಟುತ್ತ ಬೋಗುಣಿಯನ್ನೇ ಬಾಯಿ ಮೇಲೆ ಮಾಡಿ ಇಟ್ಟೆನೇ? ಖಚಿತವಿಲ್ಲ. ಟೇಪಿನಲ್ಲಿ ಗೆರೆ ಬಂದಿದೆ, ಒಳಗೆ ಇಟ್ಟ ಕಾಗದದ ಪಟ್ಟಿಯೂ ಬಣ್ಣ ತಿರುಗಿರುತ್ತದೆ, ಅದು ಇರುವುದು ಟ್ರೇಯ ಮೂಲೆಯಲ್ಲಿ, ಬೋಗುಣಿಯಲ್ಲಲ್ಲ. ಬಿಚ್ಚುವ ಗಡಿಬಿಡಿಯಲ್ಲಿ ಬೋಗುಣಿ ಹೇಗಿತ್ತೆಂದು ಯಾರು ನೋಡುತ್ತಾರೆ? ನೀರು ಸುರಿಯುತ್ತಾರೆ, ಆ ನೀರನ್ನು ತೆರೆದ ಸೊಂಟದೊಳಗೆ ಹಾಕುತ್ತಾರೆ. ಗೊತ್ತಿರುವುದು ಅವಳೊಬ್ಬಳಿಗೆ, ಅವಳಿಗೂ ಸರಿಯಾಗಿ ಗೊತ್ತಿಲ್ಲ. ಆಗ್ಲಿ ಬಿಡು ಎಂದು ಎದೆಯ ಕೆಳಗೆ ಹಳೆಯ ದನಿ ಬಹಳ ಮೆತ್ತಗೆ, ಬಹಳ ಸಾತ್ವಿಕವಾಗಿ ಹೇಳಿತು. ಅದರ ಮೆತ್ತನೆಗೇ ಅವಳಿಗೆ ಹೇಸಿಗೆಯಾಯಿತು. ಕಾಲು ಆಗಲೇ ಕಾರಿಡಾರಿನಲ್ಲಿ ನಡೆಯುತ್ತಿತ್ತು.

ಥಿಯೇಟರಿನ ಬಾಗಿಲ ಮುಂದೆ ನೆಲದ ಮೇಲೆ ಒಂದು ಕೆಂಪು ಗೆರೆ. ಅದರಾಚೆ ಹೊರಗಿನ ಚಪ್ಪಲಿಗೆ ಪ್ರವೇಶವಿಲ್ಲ. ಅವಳು ಗೆರೆಯ ಮೇಲೆ ಹೆಬ್ಬೆರಳು ತಾಗುವಂತೆ ನಿಂತಳು. ಆಚೆ ದೊಡ್ಡ ಡಾಕ್ಟರು ಕೈ ತೊಳೆಯಲು ನಲ್ಲಿ ತಿರುಗಿಸಿದ್ದರಷ್ಟೇ. ಸಿಸ್ಟರ್ ಟ್ರೇ ಹಿಡಿದು ಒಳಬಾಗಿಲನ್ನು ಭುಜದಿಂದ ನೂಕುತ್ತಿದ್ದಳು. ಅವಳು ಸಿಸ್ಟರ್ ಎಂದು ಕರೆದಳು. ತನ್ನ ದನಿ ಇಷ್ಟು ದೂರ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ತಿರುಗಿದರು.

“ಬೋಗುಣಿ ನಾನು ಬಾಯಿ ಮೇಲೆ ಮಾಡಿ ಇಟ್ಟಿರಬಹುದು ಸರ್. ಒಳಗೆ ಟೇಬಲ್ ಮೇಲೆ ಸಿಸ್ಟರ್ ಜೋಪಾನವಾಗಿ ಬಿಚ್ಚಿ ನೋಡ್ಲಿ. ಹಾಗಿದ್ರೆ ಉಪಯೋಗಿಸ್ಬೇಡಿ.”

“ಇಟ್ಟಿದ್ದೀಯೋ, ಇಟ್ಟಿರಬಹುದೋ?”

“ಗೊತ್ತಿಲ್ಲ ಸರ್. ಅದಕ್ಕೇ ಬಂದೆ.”

ಡಾಕ್ಟರು ಕೆಟ್ಟವರಲ್ಲ, ಅವಸರದವರು. ಹನ್ನೆರಡಕ್ಕೆ ಇನ್ನೊಂದು ಆಸ್ಪತ್ರೆಯಲ್ಲಿ ಅವರಿಗೆ ಬೇರೆ ಕೇಸು ಇತ್ತು. ಹದಿನಾರು ವರ್ಷ ಬಾಯಿ ಬಿಡದವಳಿಗೆ ಇವತ್ತೇ ಮಾತು ಬರಬೇಕಿತ್ತಾ ಎಂದರು, ರೋಗಿ ರಾತ್ರಿಯಿಂದ ಉಪವಾಸ ಇದ್ದಾನೆ ಎಂದರು, ಟೇಪು ನೋಡಿದೆಯಾ ಎಂದರು, ನಿನ್ನ ಮೇಲೆ ದೂರು ಬರೆದು ಕೊಡುತ್ತೇನೆ ಎಂದರು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. ಅವಳ ಎದೆಯ ಕೆಳಗೆ, ಒಣ ಬ್ರೆಡ್ಡು ಕೂರುವ ಜಾಗದಲ್ಲಿ, ಏನೂ ಇರಲಿಲ್ಲ. ಅವಳು ಅಚ್ಚರಿಯಿಂದ ಆ ಖಾಲಿ ಜಾಗವನ್ನೇ ಗಮನಿಸುತ್ತ ನಿಂತಳು.

“ಆಗ್ಲಿ ಬಿಡಿ ಸರ್, ಬರೆದು ಕೊಡಿ,” ಎಂದಳು. “ಆದ್ರೆ ನೋಡ್ದೆ ಉಪಯೋಗಿಸ್ಬೇಡಿ.”

ಆ ಮೆತ್ತನೆಯ ಮಾತೇ ಅವರನ್ನು ಕೆರಳಿಸಿತೋ ಏನೋ. ನೋಡಬೇಕು ತಾನೆ, ನೋಡು ಹಾಗಾದರೆ ಎಂದು ಮೂರು ಹೆಜ್ಜೆ ಬಂದು, ಸಿಸ್ಟರ್ ಕೈಯಲ್ಲಿದ್ದ ಟ್ರೇಯ ಟೇಪನ್ನು ಒದ್ದೆ ಕೈಯಿಂದಲೇ ಪರ್ರೆಂದು ಕಿತ್ತು, ಹಸಿರು ಬಟ್ಟೆಯ ಎರಡು ಸುತ್ತನ್ನೂ ಅಲ್ಲೇ, ಕಾರಿಡಾರಿನ ಗಾಳಿಯಲ್ಲಿ, ಎತ್ತಿ ಹಾಕಿದರು. ಬೋಗುಣಿ ಕವುಚಿಯೇ ಇತ್ತು. ಒಂದು ಅಂಚು ಸ್ವಲ್ಪ ಓರೆಯಾಗಿ, ಹದಿನಾರು ವರ್ಷದಿಂದ ಅವಳ ಕೈ ಹೇಗಿಡುತ್ತಿತ್ತೋ ಹಾಗೇ. ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ಸಣ್ಣ ತಟ್ಟೆ ಫಳಫಳ ಹೊಳೆಯುತ್ತಿತ್ತು; ಬೆಳಗ್ಗೆ ಕಣ್ಣಿಗೆ ಬಿದ್ದದ್ದು ಅದರ ಬೆಳಕು. ಕಂಡೆಯಾ ಎಂದು ಡಾಕ್ಟರು ಗೆದ್ದವರ ಹಾಗೆ ತಲೆಯೆತ್ತಿದರು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಅಂದ್ರೆ ಇದೇ. ಕಳ್ಳ ಅಂತ ಯಾರೂ ಅಂದೂ ಇರ್ಲಿಲ್ಲ ನಿನ್ನ!” ಯಾರೋ ಕಿಸಕ್ಕೆಂದರು. ಆಮೇಲೆ ನಗು ನಿಂತಿತು. ಸಿಸ್ಟರ್ ತೆರೆದ ಟ್ರೇಯನ್ನು ಹಿಡಿದು, ಯಾರ ಮುಖವನ್ನೂ ನೋಡದೆ, ಚಾವಣಿಯ ದೀಪವನ್ನು ನೋಡುತ್ತಿದ್ದಳು. ಸರಿಯಾಗಿ ಬೆಂದಿದ್ದ ಟ್ರೇ ಈಗ ಒದ್ದೆ ಕೈ ಮುಟ್ಟಿ, ಕಾರಿಡಾರಿನ ಧೂಳು ಕುಡಿದು, ಕೆಲಸಕ್ಕೆ ಬಾರದ್ದಾಗಿತ್ತು. ಅದು ಗೊತ್ತಾದದ್ದು ಡಾಕ್ಟರಿಗೇ ಎಲ್ಲರಿಗಿಂತ ಕೊನೆಗೆ. ಅವರ ಕಿವಿ ಕೆಂಪಾಯಿತು. ಇನ್ನೊಂದು ಸಲ ಹಾಕಿ ಎಂದು ಗೋಡೆಗೆ ಹೇಳಿ ಒಳಗೆ ನಡೆದರು.

ಅವಳು ಟ್ರೇ ಇಸಿದುಕೊಂಡಳು. ಈಗ ಹೇಳಬಹುದಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹರಿತವಾಗಿ, ಸತ್ಯವಾಗಿ. ಕಾರಿಡಾರಿನಲ್ಲಿದ್ದವರೆಲ್ಲ ಅದಕ್ಕಾಗಿ ಕಾಯುತ್ತಿದ್ದರು ಕೂಡ. ಅವಳು ಆಡಲಿಲ್ಲ. ನುಂಗಲೂ ಇಲ್ಲ, ಅದು ತಾನಾಗಿ ಹೋಯಿತು. ಹೆದರಿ ಸುಮ್ಮನಿರುವುದು ಅವಳಿಗೆ ಅಂಗೈ ರೇಖೆಯಷ್ಟು ಪರಿಚಿತ, ಇದು ಅದಲ್ಲ. ಇದು ಏನೆಂದು ನಾಳೆ ಹೆಂಗಸರಿಗೆ ಹೇಳುವುದು ಹೇಗೋ ತಿಳಿಯಲಿಲ್ಲ, ತಿಳಿಯದಿದ್ದದ್ದಕ್ಕೆ ಬೇಸರವೂ ಆಗಲಿಲ್ಲ. ಟ್ರೇಯನ್ನು ಹೊಸ ಬಟ್ಟೆಯಲ್ಲಿ ಕಟ್ಟುವಾಗ ಬೋಗುಣಿಯನ್ನು ಒಮ್ಮೆ ಮುಟ್ಟಿ ನೋಡಿದಳು, ಕವುಚಿದೆ, ಇನ್ನೊಮ್ಮೆ ಮುಟ್ಟಿದಳು, ಮೂರನೆಯ ಸಲ ಮುಟ್ಟಲು ಹೋಗಿ ತನ್ನ ಮೇಲೆ ತಾನೇ ನಕ್ಕಳು.

ಹಬೆ ಏರುತ್ತಿದ್ದಾಗ, ರೋಗಿಗೆ ತಡದ ವಿಷಯ ಹೇಳಲು ಯಾರೂ ಹೋಗಿಲ್ಲವೆಂದು ಗೊತ್ತಾಗಿ ಅವಳೇ ಹೋದಳು. ಅವನು ಬೀಗ ರಿಪೇರಿ ಮಾಡುವ ಮುದುಕ, ಗಾಲಿಮಂಚದ ಮೇಲೆ ಕುತ್ತಿಗೆವರೆಗೆ ಹೊದ್ದು ಮಲಗಿದ್ದ. ಮಂಚದ ಕಾಲ ಬಳಿ ನಿಂತಾಗ ಒಂಬತ್ತು ವರ್ಷ ಸರ್ರನೆ ಹಿಂದಕ್ಕೆ ಹೋಯಿತು. ಈ ಸಲ ಅವಳು ತಲೆಯ ಕಡೆಗೆ ಹೋಗಿ ನಿಂತಳು. ಸಾಮಾನಿನ ಬಗ್ಗೆ ನನಗೊಂದು ಅನುಮಾನ ಬಂತು ತಾತ, ಬಿಚ್ಚಿದರೆ ಸರಿಯಾಗೇ ಇತ್ತು, ಬಿಚ್ಚಿದ್ದರಿಂದ ಮತ್ತೆ ಹಬೆಗೆ ಹಾಕಬೇಕಾಯಿತು, ಇನ್ನೊಂದು ಗಂಟೆ ನಿಮಗೆ ಹಸಿವು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುದುಕ ಚಾವಣಿ ನೋಡುತ್ತ ಲೆಕ್ಕ ಹಾಕಿದ.

“ಅಂದ್ರೆ ನನ್ನ ಸಾಮಾನು ಎರಡು ಸಲ ಬೆಂದಿದೆ,” ಎಂದ. “ಬೇರೆಯವರಿಗೆಲ್ಲ ಒಂದೇ ಸಲ. ಒಳ್ಳೇದೇ ಆಯ್ತಲ್ಲಮ್ಮ. ನಾನೂ ಬೀಗ ಹಾಕಿ ಹತ್ತು ಹೆಜ್ಜೆ ಹೋದ್ಮೇಲೆ ವಾಪಸ್ ಬಂದು ಎಳೆದು ನೋಡೋನೇ. ನನ್ನ ಹೆಂಡ್ತಿ ನಗ್ತಿದ್ಳು.”

ಅವಳಿಗೆ ಕಣ್ಣು ತುಂಬಿತು. ಅವನ ಹೊದಿಕೆ ಸರಿಮಾಡುವ ನೆಪದಲ್ಲಿ ಬಗ್ಗಿದಳು.

ಕೋಣೆಗೆ ಮರಳಿ ಸ್ವಲ್ಪ ಹೊತ್ತಾದ ಮೇಲೆ ಕಿಟಕಿ ಸರಿಯಿತು. ಕೈ ಚಾಚಿದ್ದು ಸಿಸ್ಟರ್ ಅಲ್ಲ, ಕಿಟಕಿಯಾಚೆ ದೊಡ್ಡ ಡಾಕ್ಟರೇ ಬಂದು ನಿಂತಿದ್ದರು. ಹದಿನಾರು ವರ್ಷದಲ್ಲಿ ಅವರ ಪೂರ್ತಿ ಮುಖ ಆ ಕಿಟಕಿಯಲ್ಲಿ ಕಂಡದ್ದು ಇದೇ ಮೊದಲು. ಇನ್ನೆಷ್ಟು ಹೊತ್ತು ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದಳು. ಹೋಗಲಿಲ್ಲ. ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ ಸಂಜೆಗೆ ಹಾಕಿಸಿಕೊಂಡೆ ಎಂದು, ಅವಳು ಕೇಳದಿದ್ದರೂ ಹೇಳಿದರು. ಯಂತ್ರದ ಮುಳ್ಳನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು.

“ಒಳಗೇ ಬಿಚ್ಚಿಸ್ಬೇಕಿತ್ತು ನಾನು.”

ಆಗ್ಲಿ ಬಿಡಿ ಸರ್ ಎಂಬ ಮಾತು ತಾನಾಗಿ ತುಟಿಗೆ ಬಂತು. ಹದಿನಾರು ವರ್ಷ ಎಲ್ಲರಿಗೂ ಕೊಟ್ಟ ಮಾತು, ಎಲ್ಲರೂ ಅದನ್ನು ಪಡೆದು ಹಗುರಾಗಿ ಹೋಗುತ್ತಿದ್ದ ಮಾತು. ಅವಳು ಅದನ್ನು ಅಲ್ಲೇ ತಡೆದಳು.

“ಹೌದು ಸರ್,” ಎಂದಳು.

ಅವರು ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಅದು ಎಲ್ಲಿರಬೇಕೋ ಅಲ್ಲಿತ್ತು. ಹ್ಞೂಂ ಎಂದು ಡಾಕ್ಟರು ಕಿಟಕಿಯ ಕಟ್ಟೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ ಹೋದರು. ಬೀಗದ ಮುದುಕನ ಆಪರೇಷನ್ ಎರಡು ಗಂಟೆಗೆ ಮುಗಿಯಿತು. ಚೆನ್ನಾಗಾಯಿತೆಂದು ಸಿಸ್ಟರ್ ಕಿಟಕಿಯಿಂದ ತಲೆ ತೂರಿಸಿ ಹೇಳಿ, ಬೋಗುಣಿಯನ್ನು ಮಾತ್ರ ನೀವೇ ತೊಳೀಬೇಕಂತೆ ಅಕ್ಕ, ಡಾಕ್ಟರ ಆರ್ಡರು ಎಂದು ಕಣ್ಣು ಮಿಟುಕಿಸಿದಳು. ಅವಳು ತೊಳೆದಳು, ಒರೆಸಿದಳು, ಕವುಚಿಟ್ಟಳು.

ಸಂಜೆ ಅತ್ತೆ ಬಾಗಿಲು ತೆಗೆದವರೇ, ಬರೆದಾಯ್ತಾ ಭಾಷಣ ಎಂದು ಕೇಳಿದರು. ಇಲ್ಲ ಎಂದಳು. ನಾಳೆ ಏನು ಹೇಳ್ತೀಯ ಎಂದರು. ಇವತ್ತು ಆದದ್ದನ್ನು ಹೇಳಿ ಕೂತುಬಿಡ್ತೀನಿ, ದರ್ಜಿಯದನ್ನೂ ಹೇಳ್ತೀನಿ ಎಂದು ಚಪ್ಪಲಿ ಬಿಡುತ್ತ ಎಲ್ಲವನ್ನೂ ಹೇಳಿದಳು. ದರ್ಜಿಯ ವಿಷಯ ಅತ್ತೆಗೂ ಮೊದಲ ಸಲ. ಅತ್ತೆ ಅವಳ ಚಪ್ಪಲಿಗಳನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದರು. ಆಮೇಲೆ, ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಓಡಿಹೋದ ದಡ್ಡಿ ಎಂದರೆ ನೀನೊಬ್ಬಳೇ, ಹೆಂಗಸರು ನಗ್ತಾರೆ ನೋಡು ಎಂದು ಬೈಯುತ್ತ ಅವಳ ಚೀಲಕ್ಕೆ ಕೈಹಾಕಿ ಡಬ್ಬಿ ಎಳೆದುಕೊಂಡರು. ಎತ್ತಿದಾಗಲೇ ಅದರ ಭಾರದಲ್ಲಿ ಏನೋ ವ್ಯತ್ಯಾಸ ಗೊತ್ತಾಗಿ ಮುಚ್ಚಳ ತೆಗೆದರು. ತಳದಲ್ಲಿ ಒಂದು ಅಗುಳೂ ಇರಲಿಲ್ಲ. ಅತ್ತೆ ಡಬ್ಬಿಯನ್ನು ದೀಪದ ಕಡೆಗೆ ಓರೆಮಾಡಿ ಒಳಗೆ ಇಣುಕಿ ನೋಡಿದರು.

“ಯಾರಿಗೆ ಕೊಟ್ಟೆ?”

“ಯಾರಿಗೂ ಇಲ್ಲ ಅತ್ತೆ,” ಎಂದಳು. “ಹಸಿವಾಗಿತ್ತು. ನಾನೇ ತಿಂದೆ.”